ಖಾಲಿ ಗಂಟೆಗೆ ದುಡ್ಡು ಕೊಡೋರು ಯಾರು?

ಕನಕಪುರ ರಸ್ತೆಯಲ್ಲಿ ಸಾರಕ್ಕಿ ಸಿಗ್ನಲ್ ದಾಟಿ ಜರಗನಹಳ್ಳಿ ಕಡೆ ಹತ್ತು ನಿಮಿಷ ನಡೆದರೆ ಸಾಕು, ದುಡಿಮೆಗೆ ಬೆಲೆ ಕಟ್ಟುವ ಅರ್ಧ ಡಜನ್ ಪದ್ಧತಿಗಳು ಒಟ್ಟಿಗೇ ಸಿಗುತ್ತವೆ. ಹೊಸ ಅಪಾರ್ಟ್‌ಮೆಂಟಿಗೆ ಬಣ್ಣ ಹೊಡೆಯೋರದ್ದು ಚದರಡಿ ಲೆಕ್ಕ. ಪಕ್ಕದಲ್ಲಿ ಇಟ್ಟಿಗೆ ಹೊರೋರದ್ದು ದಿನಗೂಲಿ. ಬ್ಲೌಸ್ ಹೊಲಿಯೋ ಅಂಗಡಿಯದ್ದು ಪೀಸ್ ಲೆಕ್ಕ. ಲೇಥ್ ಇಟ್ಟುಕೊಂಡಿರೋ ವರ್ಕ್‌ಶಾಪಿನದ್ದು ಮೆಷಿನ್ ಅವರ್ ಲೆಕ್ಕ. ರಸ್ತೆ ಬದಿಯ ಆಟೋದ್ದು ಕಿಲೋಮೀಟರ್ ಲೆಕ್ಕ, ಜೊತೆಗೆ ವೇಟಿಂಗ್ ಚಾರ್ಜು. ಈ ವೇಟಿಂಗ್ ಚಾರ್ಜು ಅನ್ನೋ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಇವೆಲ್ಲದರ ಮೇಲೆ, ಮೂರನೇ ಮಹಡಿಯ ಬಾಡಿಗೆ ಮನೆಗಳಲ್ಲಿ, ಲ್ಯಾಪ್‌ಟಾಪ್ ಮುಂದೆ ಕೂತಿರೋ ಇನ್ನೊಂದು ಜಾತಿ ಇದೆ. ಅವರದ್ದು ಗಂಟೆಗೆ ಇಷ್ಟು ಡಾಲರ್ ಅನ್ನೋ ಲೆಕ್ಕ.

ನಾನು ಈ ಕೊನೆಯ ಜಾತಿಯವನು. ಮೊಬೈಲ್ ಆ್ಯಪ್ ಬರೆದುಕೊಟ್ಟು ಬದುಕೋನು. ಕೆಲಸ ಬಿಟ್ಟು ಫ್ರೀಲಾನ್ಸ್ ಶುರು ಮಾಡೋ ಗೆಳೆಯರು ನನ್ನ ಹತ್ತಿರ ಕೇಳೋ ಮೊದಲ ಪ್ರಶ್ನೆ ಯಾವತ್ತೂ ಕೋಡಿಂಗ್ ಬಗ್ಗೆ ಅಲ್ಲ. 'ಗಂಟೆಗೆ ಎಷ್ಟು ಹೇಳ್ಲಿ ಮಗಾ?' ಅನ್ನೋದೇ ಪ್ರಶ್ನೆ. ಅವರ ಕೈಯಲ್ಲಿ ಆಗಲೇ ಒಂದು ಉತ್ತರವೂ ಇರುತ್ತೆ: ತಿಂಗಳ ಸಂಬಳ ಭಾಗಿಸು 160. ತಿಂಗಳಿಗೆ 20 ದಿನ, ದಿನಕ್ಕೆ 8 ಗಂಟೆ. ಲಕ್ಷ ಸಂಬಳ ಇದ್ದೋರಿಗೆ ಗಂಟೆಗೆ 625 ರೂಪಾಯಿ. ಎಷ್ಟು ಸುಲಭ ಅಲ್ವಾ?

ಈ ಭಾಗಾಕಾರದಲ್ಲಿ ಗಣಿತದ ತಪ್ಪಿಲ್ಲ. ಇರೋದು ಚರಿತ್ರೆಯ ತಪ್ಪು. 160 ಗಂಟೆಗೂ ಸಂಬಳ ಬರುತ್ತೆ ಅನ್ನೋದು ಪ್ರಕೃತಿ ನಿಯಮ ಅಲ್ಲ. ಯಾರೋ ಒಂದು ಕಾಲದಲ್ಲಿ ಜಗಳ ಆಡಿ, ಇನ್ಯಾರೋ ಒಪ್ಪಿಕೊಂಡು ಬಂದಿರೋ ಏರ್ಪಾಡು ಅದು. ಕೆಲಸ ಇಲ್ಲದ ಗಂಟೆಗೆ ದುಡ್ಡು ಕೊಡೋರು ಯಾರು ಅನ್ನೋ ಒಂದೇ ಪ್ರಶ್ನೆ ಹಿಡಿದುಕೊಂಡು ಹಿಂದೆ ಹೋದರೆ, ನಮ್ಮ ರೇಟಿನ ಚರಿತ್ರೆ ಬಿಚ್ಚಿಕೊಳ್ಳುತ್ತೆ. ಬನ್ನಿ, ಹಾಗೇ ಒಂದು ಸುತ್ತು ಹಾಕೋಣ.

ಜರಗನಹಳ್ಳಿ, ಸಾರಕ್ಕಿ, ಯಲಚೇನಹಳ್ಳಿ, ಪುಟ್ಟೇನಹಳ್ಳಿ. ಬಹುಪಾಲು ಹೆಸರಲ್ಲೇ ಹಳ್ಳಿ ಇಟ್ಟುಕೊಂಡಿರೋ, ಕೆರೆ ಸುತ್ತ ಬೆಳೆದ ಊರುಗಳು ಇವು. ಹಳೇ ಮೈಸೂರಿನ ಇಂಥ ಹಳ್ಳಿಗಳಲ್ಲಿ ಕಮ್ಮಾರ, ಬಡಗಿ, ಅಗಸ, ಕುಂಬಾರ, ನೀರಗಂಟಿ ಇವರಿಗೆಲ್ಲ ಸಿಗ್ತಿದ್ದದ್ದು ಆಯ. ಇವರು ಆಯಗಾರರು. ನೇಗಿಲು ಮುರಿದಾಗಲೆಲ್ಲ ಬಿಲ್ ಹಾಕೋ ಪದ್ಧತಿ ಇರಲಿಲ್ಲ. ಸುಗ್ಗಿ ಕಾಲಕ್ಕೆ ಕಣದಲ್ಲಿ ಪ್ರತಿ ಮನೆಯಿಂದ ಇಷ್ಟು ಧಾನ್ಯ ಅಂತ ಬರ್ತಿತ್ತು. ವರ್ಷದಲ್ಲಿ ಹತ್ತು ಸಲ ರಿಪೇರಿ ಬಂದರೂ ಅಷ್ಟೇ, ಎರಡೇ ಸಲ ಬಂದರೂ ಅಷ್ಟೇ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ವಾರ್ಷಿಕ ರಿಟೇನರ್. ಕಮ್ಮಾರ ಖಾಲಿ ಕೂತ ಹೊತ್ತಿನ ಖರ್ಚು ಊರಿನದ್ದು. ಅದಕ್ಕೆ ಬದಲಾಗಿ ಕಮ್ಮಾರ ಊರು ಬಿಟ್ಟು ಹೋಗೋ ಹಾಗಿಲ್ಲ, ರೇಟ್ ಏರಿಸೋ ಹಾಗಿಲ್ಲ, ಜಾತಿ ಬಿಟ್ಟು ಬೇರೆ ಕಸುಬು ಹಿಡಿಯೋ ಹಾಗೂ ಇಲ್ಲ. ಭದ್ರತೆ ಇತ್ತು, ಬಿಡುಗಡೆ ಇರಲಿಲ್ಲ. ಈ ಪದ್ಧತಿಯನ್ನ ರೊಮ್ಯಾಂಟಿಕ್ ಮಾಡೋಕೆ ಹೋಗಬೇಡಿ.

ಆಯದ ಜೊತೆಗೆ ಇನ್ನೆರಡು ಪದ್ಧತಿ ಇದ್ದವು, ಗುತ್ತಿಗೆ ಮತ್ತು ಕೂಲಿ. ಗುತ್ತಿಗೆ ಅಂದ್ರೆ ಕೆಲಸಕ್ಕೆ ಒಟ್ಟು ಇಷ್ಟು. ಕೂಲಿ ಅಂದ್ರೆ ಹೊತ್ತಿಗೆ ಇಷ್ಟು. ರಿಟೇನರ್, ಫಿಕ್ಸ್ಡ್ ಪ್ರೈಸ್, ಟೈಮ್ ಅಂಡ್ ಮೆಟೀರಿಯಲ್ ಅಂತ ನಾವು ಕಾಂಟ್ರ್ಯಾಕ್ಟಿನಲ್ಲಿ ಬರೆಯೋ ಮೂರು ಪದಗಳು ಇವೇ. ಹೆಸರು ಬದಲಾಗಿದೆ ಅಷ್ಟೆ.

ಈ ತಲೆನೋವು ಎಷ್ಟು ಹಳೇದು ಅನ್ನೋದಕ್ಕೆ ಮೈಸೂರಿನಿಂದಲೇ ಒಂದು ಸಾಕ್ಷಿ ಇದೆ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳ ಕೈಗೆ ಒಂದು ತಾಳೆಗರಿ ಕಟ್ಟು ಸಿಕ್ಕಿತು. ಕಳೆದೇ ಹೋಗಿದೆ ಅಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1909ರಲ್ಲಿ ಅವರು ಅದನ್ನ ಅಚ್ಚು ಹಾಕಿಸಿದರು. ರಾಜನೀತಿ, ಗೂಢಚಾರರು ಅಂತ ನಾವು ಆ ಪುಸ್ತಕವನ್ನ ನೆನಪಿಟ್ಟುಕೊಂಡಿದ್ದೀವಿ. ಆದ್ರೆ ಕೆಲಸಗಾರರ ಕೂಲಿ ಬಗ್ಗೆ ಅದರಲ್ಲಿ ಇರೋ ನಿಯಮಗಳನ್ನ ಫ್ರೀಲಾನ್ಸರ್‌ಗಳು ಓದಬೇಕು. ಮೊದಲೇ ಮಾತಾಡಿಕೊಂಡಿದ್ದರೆ ಆ ಮಾತಿನ ಪ್ರಕಾರ ಕೂಲಿ. ಮಾತಾಡಿಕೊಂಡಿಲ್ಲ ಅಂದ್ರೆ ಮಾಡಿದ ಕೆಲಸ ಮತ್ತು ಹಿಡಿದ ಕಾಲ ಎರಡನ್ನೂ ನೋಡಿ ಕೂಲಿ. ಕುಶಲಕರ್ಮಿಗಳು, ಹಾಡುಗಾರರು, ವೈದ್ಯರು ಇಂಥವರಿಗೆ ಬೇರೆ ನಿಯಮ: ಅದೇ ಥರದ ಬೇರೆಯವರಿಗೆ ಎಷ್ಟು ಸಿಗುತ್ತೋ ಅಷ್ಟು, ಇಲ್ಲವೇ ಆ ಕಸುಬು ಬಲ್ಲವರು ಎಷ್ಟು ಅಂತಾರೋ ಅಷ್ಟು. ಮಾರ್ಕೆಟ್ ರೇಟ್ ಮತ್ತು ಎಕ್ಸ್‌ಪರ್ಟ್ ಎಸ್ಟಿಮೇಟ್ ಎರಡೂ ಅಲ್ಲೇ ಇವೆ ನೋಡಿ. ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಕ್ರಮ. ಮೊದಲು ಮಾತು, ಆಮೇಲೆ ಲೆಕ್ಕ. ಗಂಟೆ ಲೆಕ್ಕ ಬರೋದು ಮಾತಾಡದೇ ಬಿಟ್ಟವರಿಗೆ.

ಗಡಿಯಾರ ನೋಡಿ ದುಡಿಯೋ ಅಭ್ಯಾಸ ಬೆಂಗಳೂರಿಗೆ ಬಂದದ್ದು ಕಾರ್ಖಾನೆಗಳ ಜೊತೆ. 1884ರಲ್ಲಿ ಶುರುವಾದ, ಜನ ಬಿನ್ನಿ ಮಿಲ್ ಅಂತ ಕರೆಯೋ ಬಟ್ಟೆ ಗಿರಣಿ, 1940ರಲ್ಲಿ ಬಂದ ಎಚ್ಎಎಲ್, ಆಮೇಲೆ 1948ರ ಐಟಿಐ, 1953ರ ಎಚ್ಎಂಟಿ, 1954ರ ಬಿಇಎಲ್. ಸೈರನ್ ಕೂಗಿದರೆ ಶಿಫ್ಟ್ ಶುರು, ಮತ್ತೆ ಕೂಗಿದರೆ ಮನೆಗೆ. ಹಾಜರಿ ಕಾರ್ಡು, ಓವರ್‌ಟೈಮು, ಬಟವಾಡೆ ದಿನ, ಬೋನಸ್ಸು. ನಮ್ಮ ಜಯನಗರ, ಬನಶಂಕರಿ ಮನೆಗಳ ಎಷ್ಟೋ ಅಜ್ಜಂದಿರ ಮಾತಲ್ಲಿ ಈ ಪದಗಳು ಇನ್ನೂ ಬದುಕಿವೆ. ಮೆಷಿನ್ ಕೆಟ್ಟು ನಿಂತರೂ, ಆರ್ಡರ್ ಬರದೇ ಇದ್ದರೂ, ಪರ್ಮನೆಂಟ್ ಕಾರ್ಮಿಕನಿಗೆ ತಿಂಗಳ ಸಂಬಳ ಬರ್ತಿತ್ತು. ಖಾಲಿ ಗಂಟೆಯ ಖರ್ಚು ಊರಿನಿಂದ ಕಂಪನಿಗೆ ವರ್ಗವಾಗಿತ್ತು.

ಅದು ಯಾರೂ ಪುಕ್ಕಟೆ ಕೊಟ್ಟದ್ದಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಮಾಡಿದರು. ಎಚ್ಎಎಲ್, ಬಿಇಎಲ್, ಎಚ್ಎಂಟಿ, ಐಟಿಐ, ಬಿಇಎಂಎಲ್ ಎಲ್ಲವೂ ನಿಂತವು. ಬೇಡಿಕೆಯ ತಿರುಳು ಇಷ್ಟೇ: ಬಿಎಚ್ಇಎಲ್ ಕಾರ್ಮಿಕರಿಗೆ ಎಷ್ಟೋ ನಮಗೂ ಅಷ್ಟು ಕೊಡಿ. ಗಮನಿಸಿ, ಇದೂ ರೇಟ್ ನಿಗದಿಯೇ. ಆದ್ರೆ ಮಾತುಕತೆಗೆ ಒಬ್ಬೊಬ್ಬರೇ ಹೋಗಲಿಲ್ಲ, ಒಟ್ಟಿಗೆ ಹೋದರು. ಪಕ್ಕದವನಿಗೆ ಎಷ್ಟು ಸಿಗುತ್ತೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಈಗ ನಮ್ಮ ಆಫೀಸುಗಳಲ್ಲಿ ಸಂಬಳ ಹೇಳಿಕೊಳ್ಳೋದೇ ಅಸಭ್ಯ. ಅದೇ 1981ರಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರ್‌ಗಳು ಸೇರಿ ಇನ್ಫೋಸಿಸ್ ಅನ್ನೋ ಒಂದು ಸಣ್ಣ ಕಂಪನಿ ಶುರು ಮಾಡಿದ್ದರು.

ಅದರ ಹಿನ್ನೆಲೆ ಒಂದಿಷ್ಟು ಹೇಳಬೇಕು. 1973ರ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ವಿದೇಶಿ ಕಂಪನಿಗಳು ಇಲ್ಲಿನ ತಮ್ಮ ಪಾಲನ್ನ ಶೇ. 40ಕ್ಕೆ ಇಳಿಸಿಕೊಳ್ಳಬೇಕಿತ್ತು. ಒಪ್ಪದ ಐಬಿಎಂ 1978ರಲ್ಲಿ ದೇಶ ಬಿಟ್ಟಿತು. ಆಗ ಕೈಗಾರಿಕಾ ಮಂತ್ರಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಇಲ್ಲಿ ಕಂಪ್ಯೂಟರ್ ಕಡಿಮೆ, ಕಲಿತ ತಲೆಗಳು ಜಾಸ್ತಿ. ಹಾಗಾಗಿ ತಲೆಗಳನ್ನೇ ವಿಮಾನ ಹತ್ತಿಸಿ ಕಳಿಸೋ ವ್ಯಾಪಾರ ಬೆಳೆಯಿತು. ಬಾಡಿ ಶಾಪಿಂಗ್ ಅಂತ ಅದಕ್ಕೆ ಯಾರು ಹೆಸರಿಟ್ಟರೋ, ಸರಿಯಾಗೇ ಇಟ್ಟರು. ಇನ್ಫೋಸಿಸ್‌ನ ಮೊದಲ ಗಿರಾಕಿ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್. ಕೆಲಸ ನಡೀತಿದ್ದದ್ದು ಅಲ್ಲೇ ಹೋಗಿ. 1983ರಲ್ಲಿ ಆಡುಗೋಡಿಯ ಮೈಕೋ ಗಿರಾಕಿಯಾಗಿ ಸಿಕ್ಕಿದ್ದರಿಂದ ಕಂಪನಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಆಫೀಸ್ ತೆರೆದು ಉಪಗ್ರಹ ಸಂಪರ್ಕ ಹಾಕಿಸಿಕೊಂಡಿತು. ಅಲ್ಲಿಗೆ ಮನುಷ್ಯ ಹೋಗದೇ ಅವನ ಗಂಟೆಗಳು ಮಾತ್ರ ಸಮುದ್ರ ದಾಟೋ ದಾರಿ ತೆರೆಯಿತು. ಜರಗನಹಳ್ಳಿಯ ಮೂರನೇ ಮಹಡಿಯಿಂದ ನಾನು ಇವತ್ತು ಮಾಡ್ತಿರೋದು ಅದನ್ನೇ.

ಈ ವ್ಯಾಪಾರದ ಅಳತೆಗೋಲು ಮ್ಯಾನ್-ಮಂತ್ ಮತ್ತು ಮ್ಯಾನ್-ಅವರ್. ಇಷ್ಟು ಜನ, ಇಷ್ಟು ತಿಂಗಳು, ಇಷ್ಟು ದುಡ್ಡು. ಐಬಿಎಂನ ದೊಡ್ಡ ಆಪರೇಟಿಂಗ್ ಸಿಸ್ಟಮ್ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ ಈ ಅಳತೆಗೋಲನ್ನೇ ಗೇಲಿ ಮಾಡಿ 1975ರಲ್ಲಿ ಒಂದು ಪುಸ್ತಕ ಬರೆದಿದ್ದ. ತಡವಾಗಿರೋ ಪ್ರಾಜೆಕ್ಟಿಗೆ ಜನ ತುಂಬಿದರೆ ಅದು ಇನ್ನೂ ತಡವಾಗುತ್ತೆ, ಮನುಷ್ಯ ಮತ್ತು ತಿಂಗಳು ಅದಲುಬದಲು ಮಾಡೋ ಸಾಮಾನಲ್ಲ ಅನ್ನೋದು ಅವನ ವಾದ. ಎಲ್ಲರೂ ಆ ಪುಸ್ತಕ ಓದಿ ತಲೆದೂಗಿದರು, ಬಿಲ್ ಮಾತ್ರ ಮ್ಯಾನ್-ಮಂತ್‌ನಲ್ಲೇ ಹಾಕಿದರು!

ಸರ್ವೀಸ್ ಕಂಪನಿಯ ಲೆಕ್ಕದಲ್ಲಿ ಎರಡು ಬೇರೆ ಬೇರೆ ಅಂಕಿಗಳಿವೆ. ಗಿರಾಕಿ ಕೊಡೋ ಬಿಲ್ಲಿಂಗ್ ರೇಟ್ ಒಂದು, ಎಂಜಿನಿಯರ್‌ಗೆ ಹೋಗೋ ಸಂಬಳ ಇನ್ನೊಂದು. ಎರಡರ ನಡುವಿನ ಅಂತರ ನೋಡಿ ಎಷ್ಟೋ ಜನಕ್ಕೆ ಹೊಟ್ಟೆ ಉರಿಯುತ್ತೆ. ಉರೀಲಿ, ಅದರಲ್ಲಿ ಲಾಭ ಇದ್ದೇ ಇದೆ. ಆದ್ರೆ ಅದರಲ್ಲೇ ಬೆಂಚ್ ಇದೆ, ಟ್ರೈನಿಂಗ್ ಇದೆ, ಸೇಲ್ಸ್ ಟೀಮಿನ ವಿಮಾನ ಖರ್ಚಿದೆ, ಕ್ಯಾಬ್ ಇದೆ, ಲ್ಯಾಪ್‌ಟಾಪ್ ಇದೆ, ಗಿರಾಕಿ ಮೂರು ತಿಂಗಳು ತಡವಾಗಿ ದುಡ್ಡು ಕೊಟ್ಟರೂ ಮೂವತ್ತನೇ ತಾರೀಕು ಸಂಬಳ ಹಾಕೋ ಶಕ್ತಿ ಇದೆ. ಬೆಂಚ್ ಅಂದ್ರೆ ಖಾಲಿ ಗಂಟೆಗಳ ಗೋದಾಮು. ಬಿನ್ನಿ ಮಿಲ್ಲಿನಲ್ಲಿ ನಿಂತ ಮೆಷಿನ್ ಪಕ್ಕ ಕೂತ ಕಾರ್ಮಿಕನ ಇಂಗ್ಲಿಷ್ ಅವತಾರ.

ಈಗ ಮತ್ತೆ ಆ 160ರ ಭಾಗಾಕಾರ ನೋಡಿ. ಕೆಲಸ ಬಿಟ್ಟು ಬಂದ ಗೆಳೆಯ ಭಾಗಿಸ್ತಿರೋದು ಎರಡು ಅಂಕಿಗಳಲ್ಲಿ ಸಣ್ಣದನ್ನ. ಕಂಪನಿ ಹೊರುತ್ತಿದ್ದ ಭಾರವನ್ನೆಲ್ಲ ತಾನು ಹೊತ್ತುಕೊಂಡು, ರೇಟ್ ಮಾತ್ರ ಸಂಬಳದ್ದೇ ಇಟ್ಟುಕೊಂಡಿದ್ದಾನೆ. ಕಂಪನಿಯೂ ತಾನೇ, ನೌಕರನೂ ತಾನೇ. ಆದ್ರೆ ಬಿಲ್ ಹಾಕ್ತಿರೋದು ನೌಕರ ಮಾತ್ರ.

ವರ್ಷದಲ್ಲಿ ನಿಜವಾಗಿ ಮಾರಾಟವಾಗೋ ಗಂಟೆ ಎಷ್ಟು? ಈ ಪ್ರಶ್ನೆಗೆ ಒಂದು ಹಳೇ ಉತ್ತರ ವಕೀಲರ ಲೋಕದಲ್ಲಿದೆ. 1958ರಲ್ಲಿ ಅಮೆರಿಕದ ಬಾರ್ ಅಸೋಸಿಯೇಶನ್ ಒಂದು ಕಿರುಹೊತ್ತಗೆ ತಂದಿತು. ವಕೀಲರ ಆದಾಯ ಡಾಕ್ಟರುಗಳಿಗೆ ಹೋಲಿಸಿದರೆ ಹಿಂದೆ ಬೀಳ್ತಾ ಇದೆ, ಸಮಯದ ದಾಖಲೆ ಇಟ್ಟು ಬಿಲ್ ಮಾಡಿ ಅಂತ ಅದರ ಸಲಹೆ. ಅಲ್ಲಿಂದ ಮುಂದೆ ಬಿಲ್ಲೆಬಲ್ ಅವರ್ ಅನ್ನೋದು ವಕೀಲರಿಗೆ ಅಂಟಿಕೊಂಡಿತು, ಆಮೇಲೆ ಕನ್ಸಲ್ಟಿಂಗ್‌ಗೂ ಹರಡಿತು. ಆ ಹೊತ್ತಗೆಯಲ್ಲಿ ಒಬ್ಬ ವಕೀಲ ವರ್ಷಕ್ಕೆ ಫೀಸ್ ಹಾಕಬಹುದಾದ ಗಂಟೆ ಅಂತ ಅಂದಾಜು ಮಾಡಿದ್ದು ಸುಮಾರು 1,300. ವಾರಕ್ಕೆ 40 ಗಂಟೆ, 52 ವಾರ ಅಂದ್ರೆ 2,080 ಆಗುತ್ತೆ. ಉಳಿದ 780 ಎಲ್ಲಿ ಹೋದವು? ಗಿರಾಕಿ ಹುಡುಕೋದು, ಫೈಲ್ ಜೋಡಿಸೋದು, ಓದೋದು, ಜ್ವರ, ಹಬ್ಬ. ಅವು ಖಾಲಿ ಗಂಟೆಗಳು. ಆದ್ರೆ ಅವಿಲ್ಲದೆ ಉಳಿದ 1,300 ಹುಟ್ಟೋದೇ ಇಲ್ಲ.

ಈ ಅಂಕಿಯನ್ನ ಇಟ್ಟುಕೊಂಡು ನಮ್ಮ ಗೆಳೆಯನ ಲೆಕ್ಕ ಮಾಡೋಣ. ಬಿಟ್ಟು ಬಂದ ಸಂಬಳ ವರ್ಷಕ್ಕೆ 12 ಲಕ್ಷ ಅಂತಿಟ್ಟುಕೊಳ್ಳಿ. ಕಂಪನಿ ಕಟ್ಟುತ್ತಿದ್ದ ಪಿಎಫ್, ಗ್ರಾಚ್ಯುಟಿ ಭಾಗಕ್ಕೆ 1 ಲಕ್ಷ. ಮನೆಯವರ ಹೆಲ್ತ್ ಇನ್ಶೂರೆನ್ಸ್ 30 ಸಾವಿರ. ನಾಲ್ಕು ವರ್ಷ ಬಾಳೋ 2 ಲಕ್ಷದ ಲ್ಯಾಪ್‌ಟಾಪಿಗೆ ವರ್ಷಕ್ಕೆ 50 ಸಾವಿರ. ಟೆಸ್ಟ್ ಮಾಡೋ ಫೋನುಗಳು, ಇಂಟರ್ನೆಟ್, ಯುಪಿಎಸ್, ಸಾಫ್ಟ್‌ವೇರ್ ಚಂದಾ, ಆಡಿಟರ್ ಫೀಸು ಸೇರಿ 1 ಲಕ್ಷ 20 ಸಾವಿರ. ಒಟ್ಟು 15 ಲಕ್ಷ. ಭಾಗಿಸು 1,300. ಗಂಟೆಗೆ ಸುಮಾರು 1,150 ರೂಪಾಯಿ. ಇದು ಲಾಭ ಅಲ್ಲ, ಹಳೇ ಕೆಲಸದಲ್ಲಿ ಇದ್ದ ಜಾಗದಲ್ಲೇ ನಿಲ್ಲೋಕೆ ಬೇಕಾದ ರೇಟ್. ಬಾಕಿ ಬಾರದ ಬಿಲ್ಲು, ಮಳೆಗಾಲದ ಖಾಲಿ ತಿಂಗಳು ಅಂತ ಶೇ. 20 ಸೇರಿಸಿದರೆ 1,400ರ ಹತ್ತಿರ.

ಅದೇ 625ಕ್ಕೆ ಒಪ್ಪಿಕೊಂಡರೆ? 1,300 ಗಂಟೆಗೆ 8 ಲಕ್ಷ 12 ಸಾವಿರ. ಇನ್ಶೂರೆನ್ಸು, ಲ್ಯಾಪ್‌ಟಾಪು ಇತ್ಯಾದಿ 2 ಲಕ್ಷ ಕಳೆದರೆ ಕೈಗೆ 6 ಲಕ್ಷ ಚಿಲ್ಲರೆ, ಅದೂ ಟ್ಯಾಕ್ಸಿಗೆ ಮೊದಲು. ಅಂದ್ರೆ ಹಳೇ ಸಂಬಳದ ಅರ್ಧ. ಈ ಅರ್ಧ ಕಣ್ಣಿಗೆ ಬೀಳೋದಿಲ್ಲ, ಯಾಕಂದ್ರೆ ಜನ ಅದನ್ನ ರಾತ್ರಿ ಮತ್ತು ಭಾನುವಾರಗಳಿಂದ ತುಂಬ್ತಾರೆ. ಸ್ವತಂತ್ರವಾಗಿ ಬದುಕ್ತೀನಿ ಅಂತ ಹೊರಟೋರು ಎರಡು ವರ್ಷಕ್ಕೆ ಸುಸ್ತಾಗಿ ವಾಪಸ್ ಹೋಗೋದನ್ನ ನೋಡಿದ್ದೀನಿ. ಅವರಿಗೆ ಕೆಲಸ ಸಿಗಲಿಲ್ಲ ಅಂತಲ್ಲ, ಸಿಕ್ಕಿದ ಕೆಲಸಕ್ಕೆ ಖಾಲಿ ಗಂಟೆಯ ಬೆಲೆ ಸೇರಿಸಲಿಲ್ಲ.

ಇದು ಎಂಬಿಎ ಲೆಕ್ಕ ಅಂದುಕೊಳ್ಳಬೇಡಿ. ನಮ್ಮ ರಸ್ತೆಯ ಕೊನೆಯಲ್ಲಿ ಎರಡು ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡೋ ಯಜಮಾನರೊಬ್ಬರಿದ್ದಾರೆ. ಮೆಷಿನ್ ಅವರ್ ರೇಟ್ ಹೇಗೆ ಹಾಕ್ತೀರಿ ಅಂತ ಒಂದು ಸಂಜೆ ಕೇಳಿದೆ. ಮೆಷಿನ್ನಿನ ಸಾಲ, ಸವಕಳಿ, ಕರೆಂಟು, ಶೆಡ್ ಬಾಡಿಗೆ, ಆಪರೇಟರ್ ಸಂಬಳ ಎಲ್ಲ ಕೂಡಿಸಿ, ಮೆಷಿನ್ ಓಡೋ ಗಂಟೆಗಳಿಂದ ಭಾಗಿಸ್ತೀನಿ, ನಿಂತಿರೋ ಗಂಟೆ ಸೇರಿಸಿ ಅಲ್ಲ ಅಂದರು. 'ಮೆಷಿನ್ ನಿಂತಿದ್ರೂ ಬ್ಯಾಂಕ್ ನಿಲ್ಲಲ್ಲ ಸಾರ್' ಅಂತ ಸೇರಿಸಿದರು. ಪೀಣ್ಯದಿಂದ ಸಾರಕ್ಕಿವರೆಗೆ ಸಣ್ಣ ವರ್ಕ್‌ಶಾಪ್ ನಡೆಸೋರಿಗೆಲ್ಲ ಗೊತ್ತಿರೋ ಈ ಮಾತು, ಆ್ಯಪ್ ಬರೆಯೋ ನಮಗೆ ಯಾಕೆ ಗೊತ್ತಿಲ್ಲ? ಯಾಕಂದ್ರೆ ಅವರು ಯಾವತ್ತೂ ಬೆಂಚ್ ಮೇಲೆ ಕೂತವರಲ್ಲ. ಕೂತವರು ನಾವು. ಖಾಲಿ ಗಂಟೆಯ ಬಿಲ್ ಇನ್ಯಾರೋ ಕಟ್ಟುತ್ತಿದ್ದಾಗ ಅದು ನಮಗೆ ಕಾಣಲೇ ಇಲ್ಲ.

ಸರಿ, ಲೆಕ್ಕ ಬಂತು. ಆದ್ರೆ ಗಿರಾಕಿ ಒಪ್ಪಬೇಕಲ್ಲ? ಇಲ್ಲಿ ಬೆಂಗಳೂರಿನ ರೇಟ್ ಚರಿತ್ರೆಯ ಅತಿ ಮುಖ್ಯ ಸಂಜೆಯೊಂದನ್ನ ಹೇಳಬೇಕು. ಎನ್.ಆರ್. ನಾರಾಯಣ ಮೂರ್ತಿ ಇದನ್ನ 2007ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯ ಸ್ಟರ್ನ್ ಸ್ಕೂಲಿನ ಪದವಿ ಸಮಾರಂಭದ ಭಾಷಣದಲ್ಲಿ ಹೇಳಿಕೊಂಡಿದ್ದಾರೆ. ವರ್ಷ 1995, ಜಾಗ ತಾಜ್ ರೆಸಿಡೆನ್ಸಿ ಹೋಟೆಲ್. ಒಂದು ಭಾರೀ ಅಮೆರಿಕನ್ ಕಂಪನಿ ತನ್ನ ಭಾರತದ ಸಾಫ್ಟ್‌ವೇರ್ ಸರಬರಾಜುದಾರರನ್ನೆಲ್ಲ ಅಲ್ಲಿಗೆ ಕರೆಸಿ, ಒಬ್ಬೊಬ್ಬರನ್ನ ಒಂದೊಂದು ರೂಮಿನಲ್ಲಿ ಕೂರಿಸಿತ್ತು. ಒಬ್ಬರ ಜೊತೆ ಒಬ್ಬರು ಮಾತಾಡೋ ಹಾಗಿಲ್ಲ. ಗಿರಾಕಿಯ ತಂಡ ರೂಮಿಂದ ರೂಮಿಗೆ ಹೋಗಿ, ಒಬ್ಬರ ರೇಟ್ ತೋರಿಸಿ ಇನ್ನೊಬ್ಬರದ್ದನ್ನ ಇಳಿಸುತ್ತಿತ್ತು. ಇನ್ಫೋಸಿಸ್‌ನ ಆದಾಯದಲ್ಲಿ ಶೇ. 25 ಬರ್ತಿದ್ದದ್ದು ಈ ಒಂದೇ ಗಿರಾಕಿಯಿಂದ. ಜನಕ್ಕೆ, ತರಬೇತಿಗೆ, ಸಂಶೋಧನೆಗೆ ದುಡ್ಡು ಉಳಿಯೋ ರೇಟ್ ಬೇಕು ಅನ್ನೋ ವಾದ ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ಮೂರ್ತಿ ಆಗಲ್ಲ ಅಂದರು. ಈ ರೇಟಿಗೆ ಒಪ್ಪಿಕೊಂಡರೆ ಮುಂದೆ ನಿಮ್ಮನ್ನೇ ಕೈಬಿಡಬೇಕಾಗುತ್ತೆ, ಕೆಲಸವನ್ನ ಬೇರೆಯವರಿಗೆ ಅಚ್ಚುಕಟ್ಟಾಗಿ ಒಪ್ಪಿಸಿ ಹೋಗ್ತೀವಿ ಅನ್ನೋದು ಅವರ ಮಾತಿನ ಸಾರ.

ಹೀರೋ ಕಥೆ ಥರ ಇದನ್ನ ಓದಿ ಮುಂದೆ ಹೋಗೋದು ಸುಲಭ. ನನಗೆ ಮುಖ್ಯ ಅನ್ನಿಸೋದು ಆಮೇಲೆ ನಡೆದದ್ದು. ಕಂಪನಿ ಒಂದು ರಿಸ್ಕ್ ಸಮಿತಿ ಮಾಡಿತು. ಒಬ್ಬನೇ ಗಿರಾಕಿ, ಒಂದೇ ತಂತ್ರಜ್ಞಾನ, ಒಂದೇ ದೇಶದ ಮೇಲೆ ಅತಿಯಾಗಿ ನಿಲ್ಲಬಾರದು ಅಂತ ನಿಯಮ ಮಾಡಿಕೊಂಡಿತು. ಅಂದ್ರೆ, ಆಗಲ್ಲ ಅನ್ನೋ ಧೈರ್ಯ ಸ್ವಭಾವದಿಂದ ಬರೋದಲ್ಲ, ಲೆಡ್ಜರಿನಿಂದ ಬರೋದು. ಶೇ. 25ಕ್ಕೆ ಆಗಲ್ಲ ಅನ್ನಬಹುದು, ಶೇ. 90ಕ್ಕೆ ಅನ್ನೋಕಾಗಲ್ಲ. ಫ್ರೀಲಾನ್ಸರ್‌ಗೆ ಇದರ ಅರ್ಥ ನೇರ: ಒಬ್ಬನೇ ಗಿರಾಕಿ ಇದ್ದರೆ ನೀವು ಫ್ರೀಲಾನ್ಸರ್ ಅಲ್ಲ, ಪಿಎಫ್ ಇಲ್ಲದ ನೌಕರ.

ಆ ತಾಜ್ ರೆಸಿಡೆನ್ಸಿಯ ರೂಮುಗಳು ಆಮೇಲೆ ವೆಬ್‌ಸೈಟ್‌ಗಳಾದವು. 2003ರಲ್ಲಿ ಹುಟ್ಟಿದ ಓಡೆಸ್ಕ್ ತನಗಿಂತ ಹಳೇದಾದ ಎಲ್ಯಾನ್ಸ್ ಜೊತೆ ಸೇರಿಕೊಳ್ಳೋದಾಗಿ 2013ರ ಡಿಸೆಂಬರಿನಲ್ಲಿ ಪ್ರಕಟವಾಯಿತು. 2015ರಲ್ಲಿ ಎರಡೂ ಸೇರಿ ಅಪ್‌ವರ್ಕ್ ಆದವು. ಈಗ ರೂಮುಗಳು ಏಳೆಂಟಲ್ಲ, ಸಾವಿರಾರು. ಲಾಹೋರಿನವನು ಒಂದು ರೂಮಿನಲ್ಲಿ, ಕೀವ್‌ನವಳು ಇನ್ನೊಂದರಲ್ಲಿ, ಜರಗನಹಳ್ಳಿಯ ನಾನು ಮತ್ತೊಂದರಲ್ಲಿ. ಗಂಟೆ ಲೆಕ್ಕದ ಕೆಲಸಕ್ಕೆ ಇಲ್ಲಿ ಹತ್ತು ನಿಮಿಷಕ್ಕೊಂದು ಸ್ಕ್ರೀನ್‌ಶಾಟ್ ತೆಗೆಯೋ ಡೈರಿ ಇದೆ. ಎಚ್ಎಎಲ್ ಸೈರನ್ ದಿನಕ್ಕೆ ಕೆಲವೇ ಸಲ ಕೂಗ್ತಿತ್ತು, ಇದು ಗಂಟೆಗೆ ಆರು ಸಲ. ಕಾರ್ಖಾನೆಯ ಹಾಜರಿ ಪುಸ್ತಕ ಬಂತು, ಕಾರ್ಖಾನೆಯ ತಿಂಗಳ ಸಂಬಳ ಬರಲಿಲ್ಲ.

ಆದ್ರೂ ನಮ್ಮ ಕಸುಬಿಗೆ ಒಳ್ಳೇ ಕಾಲವೂ ಬಂದಿತ್ತು. 2008ರ ಜುಲೈನಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದಾಗ ಅದರಲ್ಲಿದ್ದದ್ದು 500 ಆ್ಯಪ್. ಅದೇ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಮಾರ್ಕೆಟ್. ಐದು ವರ್ಷದ ಅನುಭವ ಕೇಳೋಕೂ ಆಗದಷ್ಟು ಹೊಸ ಕಸುಬು. 2015ರ ಮೇನಲ್ಲಿ ನಮ್ಮ ಬೆಂಗಳೂರಿನದ್ದೇ ಮಿಂತ್ರಾ ವೆಬ್‌ಸೈಟ್ ಮುಚ್ಚಿ ಬರೀ ಆ್ಯಪ್ ಅಂತ ಹೊರಟಿತು. ಒಂದು ವರ್ಷಕ್ಕೆ ವೆಬ್‌ಸೈಟ್ ವಾಪಸ್ ತಂದಿತು ಬಿಡಿ. ಆದ್ರೆ ಆ ಒಂದೆರಡು ವರ್ಷ ಊರಲ್ಲಿ ಸಣ್ಣ ಬೇಕರಿಗೂ ಆ್ಯಪ್ ಬೇಕು ಅನ್ನೋ ಜ್ವರ ಇತ್ತು. ಆಗ ರೇಟ್ ಏರಿದ್ದು ನಾವು ಬುದ್ಧಿವಂತರಾದ್ವಿ ಅಂತಲ್ಲ, ನಾವು ಕಡಿಮೆ ಜನ ಇದ್ವಿ ಅಂತ. ರಿಯಾಕ್ಟ್ ನೇಟಿವ್, ಫ್ಲಟರ್ ಬಂದು ಐಫೋನ್‌ಗೂ ಆಂಡ್ರಾಯ್ಡ್‌ಗೂ ಒಂದೇ ಕೋಡ್ ಸಾಕು ಅಂದಾಗ, ಎರಡು ತಂಡ ಬೇಕಿದ್ದ ಕಡೆ ಒಂದು ಸಾಕಾಯ್ತು. ಕೆಲಸದ ಬೆಲೆ ಬೇರೆ, ಕೆಲಸಗಾರನ ಯೋಗ್ಯತೆ ಬೇರೆ ಅನ್ನೋದು ಆ ಏರಿಳಿತ ನೋಡಿದವರಿಗೆ ಗೊತ್ತು.

ಈಗ ಎಐ ಬಂದ ಮೇಲೆ ಗಂಟೆ ಅನ್ನೋ ಅಳತೆಗೋಲೇ ಅಲ್ಲಾಡ್ತಾ ಇದೆ. ಎರಡು ದಿನ ಹಿಡಿಯುತ್ತಿದ್ದ ಲಾಗಿನ್ ಸ್ಕ್ರೀನ್ ಒಂದು ಗಂಟೆಯಲ್ಲಿ ಮುಗಿದರೆ, ಗಂಟೆ ಲೆಕ್ಕದಲ್ಲಿ ಬಿಲ್ ಹಾಕೋನಿಗೆ ಅದು ನಷ್ಟ. ಬೇಗ ಮುಗಿಸಿದ್ದಕ್ಕೆ ದಂಡ! ಹಾಗಾಗಿ ಗೊತ್ತಿರೋರು ಸದ್ದಿಲ್ಲದೆ ಹಳೇ ದಾರಿಗಳಿಗೆ ಮರಳ್ತಿದ್ದಾರೆ. ಏನು ಬೇಕು ಅಂತ ಸ್ಪಷ್ಟ ಇರೋ ಕೆಲಸಕ್ಕೆ ಗುತ್ತಿಗೆ. ಬಿಡುಗಡೆಯಾದ ಆ್ಯಪನ್ನ ನೋಡಿಕೊಳ್ಳೋಕೆ ಆಯ, ಅಂದ್ರೆ ತಿಂಗಳಿಗೆ ಇಷ್ಟು ಅಂತ ರಿಟೇನರ್. ಗಿರಾಕಿಗೇ ಏನು ಬೇಕು ಅಂತ ಗೊತ್ತಿಲ್ಲದೆ ದಿನಕ್ಕೊಂದು ಬದಲಾವಣೆ ಹೇಳೋ ಕೆಲಸಕ್ಕೆ ಮಾತ್ರ ಗಂಟೆ ಲೆಕ್ಕ. ನಾನಂತೂ ಮೂರನ್ನೂ ಬಳಸ್ತೀನಿ. ಆದ್ರೆ ಗಂಟೆ ರೇಟನ್ನ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಗುತ್ತಿಗೆಯನ್ನೂ ಹೇಳಕ್ಕಾಗಲ್ಲ, ಆಯವನ್ನೂ ಹೇಳಕ್ಕಾಗಲ್ಲ. ಅದು ಗಿರಾಕಿಗೆ ತೋರಿಸೋ ಬೆಲೆಪಟ್ಟಿ ಅಲ್ಲ, ನಮ್ಮ ಜೇಬಿನಲ್ಲಿರಬೇಕಾದ ಗಜಕಡ್ಡಿ.

ಫ್ರೀಲಾನ್ಸ್ ಅನ್ನೋ ಪದ ಜನಪ್ರಿಯ ಆದದ್ದು 1819ರ ಕೊನೆಗೆ ಬಂದ ವಾಲ್ಟರ್ ಸ್ಕಾಟ್‌ನ ಐವನ್ಹೋ ಕಾದಂಬರಿಯಿಂದ. ಅಲ್ಲಿ ಅದರ ಅರ್ಥ ಯಾವ ದೊರೆಗೂ ಕಟ್ಟುಬೀಳದ, ದುಡ್ಡು ಕೊಟ್ಟವರ ಪರ ಈಟಿ ಹಿಡಿಯೋ ಸೈನಿಕ. ಸ್ವಾತಂತ್ರ್ಯದ ಪದವಾಗಿ ನಾವು ಅದನ್ನ ಇಷ್ಟಪಡ್ತೀವಿ. ಆದ್ರೆ ಯೋಚಿಸಿ: ಯುದ್ಧ ಇಲ್ಲದ ದಿನವೂ ಆ ಸೈನಿಕನ ಕುದುರೆ ಹುಲ್ಲು ತಿನ್ನುತ್ತಿತ್ತು. ಆ ಹುಲ್ಲಿನ ದುಡ್ಡು ಯುದ್ಧದ ದಿನದ ಕೂಲಿಯಲ್ಲೇ ಬರಬೇಕಿತ್ತು.

ಆಯ ಕೊಡೋ ಊರು ಈಗಿಲ್ಲ. ಬೆಂಚ್ ಕೊಡೋ ಕಂಪನಿಗಳೂ ಬೆಂಚ್ ಕಡಿಮೆ ಮಾಡ್ತಿವೆ. ಖಾಲಿ ಗಂಟೆ ಮಾತ್ರ ಎಲ್ಲೂ ಹೋಗಿಲ್ಲ, ಬರೀ ಹೊರೋ ಹೆಗಲು ಬದಲಾಗಿದೆ. ಅದು ಈಗ ನಿಮ್ಮ ಹೆಗಲ ಮೇಲಿದ್ದರೆ, ರೇಟ್ ಹೇಳುವಾಗ ಅದನ್ನ ಸೇರಿಸೋದು ದುರಾಸೆ ಅಲ್ಲ. ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತ ಆಟೋದ ಮೀಟರ್ ನೋಡಿ. ಅದು ನಾಚಿಕೆ ಇಲ್ಲದೆ ಓಡ್ತಾನೇ ಇರುತ್ತೆ.